ಅಪ್‌ಡೇಟ್: ಇಯರ್‌ವಿಗ್ ಹುಳಕ್ಕೂ ಕದ್ದು ಕೇಳುವುದಕ್ಕೂ ಸ್ಕಾಟ್ಸ್‌ನಲ್ಲಿ ಒಂದೇ ಪದವೇ?

ಬಾಲದ ತುದಿಯಲ್ಲಿ ಚಿಮಟ ಇರುವ ಇಯರ್‌ವಿಗ್ ಹುಳದ ಸ್ಕಾಟ್ಸ್ (ಸ್ಕಾಟ್ಲೆಂಡ್‌ನ ಒಂದು ಭಾಷೆ) ಹೆಸರಿಗೆ ‘ಕದ್ದು ಕೇಳು’ ಎಂಬ ಅರ್ಥವೂ ಇದೆಯೇ ಎಂದು ಕೇಳಿದ್ದೆ. ಇಂಗ್ಲಿಷ್ ಪದದ ಅರ್ಥ, ಸ್ಕಾಟ್ಸ್ ಹೆಸರು ಎಂಬ ಎರಡು ಎಳೆಗಳನ್ನು ನಾನೇ ಗಂಟು ಹಾಕಿದ್ದೆ.

ಎರಡೂ ಅರ್ಥ ಇರುವುದು ಇಂಗ್ಲಿಷ್‌ನ ‘ಇಯರ್‌ವಿಗ್’ ಪದಕ್ಕೆ. ಹಳೆಯ ಇಂಗ್ಲಿಷ್‌ನ ‘ಏಅರ್‌ವಿಜ್ಜ’ದಿಂದ ಬಂದದ್ದು: ಕಿವಿ + ಹುಳ. ಕ್ರಿಯಾಪದವಾದಾಗ ಮೊದಲು ಗುಟ್ಟಾಗಿ ಪಿಸುಗುಟ್ಟಿ ಒಬ್ಬರ ಮನಸ್ಸು ತಿರುಗಿಸುವುದು, ಅಂದರೆ ನಮ್ಮ ‘ಕಿವಿ ಊದುವುದು’. ಕದ್ದು ಕೇಳುವ ಅರ್ಥ ಬ್ರಿಟಿಷ್ ಆಡುಮಾತಿನಲ್ಲಿ ಆಮೇಲೆ ಸೇರಿತು. ಊದುವವನು ಕೇಳುವವನಾದ, ಅಷ್ಟೇ!

ಸ್ಕಾಟ್ಸ್ ಹೆಸರುಗಳು ಕಿವಿಯ ಗೊಡವೆಗೇ ಹೋಗುವುದಿಲ್ಲ, ಬಾಲ ನೋಡುತ್ತವೆ. ‘ಹಾರ್ನಿ ಗೋಲಖ್’ನ ಗೋಲಖ್, ಸ್ಕಾಟ್ಲೆಂಡ್‌ನ ಇನ್ನೊಂದು ಭಾಷೆ ಗೇಲಿಕ್‌ನ ‘ಕವಲು’ ಪದದ ಸಂಬಂಧಿ. ಕೊನೆಯ ಖ್ ಗಂಟಲಲ್ಲಿ ಉಜ್ಜಬೇಕು. ಸ್ಕಾಟ್ಲೆಂಡ್‌ನ ಈಶಾನ್ಯದ ಕಡೆ ‘ಫೋರ್ಕಿಟೇಲ್’, ಅಂದರೆ ಕವಲು ಬಾಲ; ಇನ್ನೊಂದು ‘ಕ್ಲಿಪ್‌ಶಿಯರ್ಸ್’, ಅಂದರೆ ಕತ್ತರಿ. ಹುಳದ ವೈಜ್ಞಾನಿಕ ಹೆಸರಿನಲ್ಲಿರುವ ಲ್ಯಾಟಿನ್‌ನ ‘ಫೋರ್ಫಿಕ್ಯುಲ’ ಕೂಡ ಪುಟ್ಟ ಕತ್ತರಿಯೇ. ಗಂಡಿನ ಚಿಮಟ ಬಾಗಿರುತ್ತದೆ, ಹೆಣ್ಣಿನದು ಹೆಚ್ಚುಕಡಿಮೆ ನೇರ. ಕತ್ತರಿಯ ಹೋಲಿಕೆ ಹೆಣ್ಣಿಗೇ ಚೆನ್ನಾಗಿ ಒಪ್ಪುತ್ತದೆ.

ಆನ್‌ಲೈನ್ ಸ್ಕಾಟ್ಸ್ ನಿಘಂಟಿನಲ್ಲಿ ಹುಡುಕುವವರು ಒಂದೇ ಕಾಗುಣಿತ ನಂಬಬೇಡಿ. ಗೋಲಖ್‌ಗೆ ಒಂದು ‘ಎಲ್’, ಎರಡು ‘ಎಲ್’, ಕೊನೆಗೆ ‘ಎ’ ಬದಲು ‘ಒ’, ಹೀಗೆ ಎಲ್ಲ ರೂಪ ಹಾಕಿ ನೋಡಿ. 1700ರ ನಂತರದ ಬಳಕೆ ಒಂದು ಕೋಶದಲ್ಲಿ, ಅದಕ್ಕೂ ಹಿಂದಿನದು ಇನ್ನೊಂದರಲ್ಲಿ ಇರುತ್ತದೆ; ಎರಡನ್ನೂ ತೆರೆಯಿರಿ.