‘ಕ್ಲಿಯರ್ ಅಂಡ್ ಬ್ರೈಟ್’ಗೆ ಕನ್ನಡ ಏನು? ವಿಮಾನದ ಇಂಧನದ ಮೂರು ಪದಗಳು

ಪ್ರಶ್ನೆ: ಗೋವಾದಲ್ಲಿ ವಿಮಾನಕ್ಕೆ ಇಂಧನ ತುಂಬುವ ಕೆಲಸಕ್ಕೆ ಸೇರುವ ಕನ್ನಡಿಗರಿಗಾಗಿ ಸೂಚನಾಪತ್ರವೊಂದನ್ನು ಅನುವಾದಿಸುತ್ತಿದ್ದೇವೆ. ‘ಕ್ಲಿಯರ್ ಅಂಡ್ ಬ್ರೈಟ್’ಗೆ ‘ಸ್ಪಷ್ಟ ಮತ್ತು ಪ್ರಕಾಶಮಾನ’, ‘ಬಾಂಡಿಂಗ್’ಗೆ ‘ಭೂಸಂಪರ್ಕ’, ‘ಡೆಡ್‌ಮ್ಯಾನ್’ಗೆ ‘ಮೃತಮಾನವ ಹಿಡಿಕೆ’ ಎಂದು ಹಾಕಿದ್ದೇವೆ. ಸರಿಯೇ?

ಉತ್ತರ: ಮೂರೂ ಬೇಡ. ಎರಡನೆಯದಂತೂ ಅಪಾಯದ ತಪ್ಪು.

ಮೊದಲನೆಯದಕ್ಕೆ ಬೇಕಾದ ಮಾತು ಅಡುಗೆಮನೆಯಲ್ಲೇ ಇದೆ: ತಿಳಿ. ತಿಳಿಸಾರು, ತಿಳಿನೀರು ಅನ್ನುವಾಗಿನ ತಿಳಿ. ಟ್ಯಾಂಕರಿನ ತಳದಿಂದ ಮಾದರಿ ಇಳಿಸಿ, ಗಾಜಿನ ಜಾರನ್ನು ಬೆಳಕಿಗೆ ಹಿಡಿದು, ಸುಳಿ ಏಳುವಂತೆ ತಿರುಗಿಸುತ್ತಾರೆ. ನೀರಿನ ಹನಿ, ತುಕ್ಕು, ಮರಳು ಏನಿದ್ದರೂ ಸುಳಿಯ ಕೆಳಗೆ ತಳದ ನಡುವೆ ಬಂದು ಕೂಡುತ್ತದೆ. ಅದಕ್ಕೂ ನಮ್ಮಲ್ಲಿ ಮಡ್ಡಿ, ಗಸಿ ಎಂಬ ಮಾತುಗಳಿವೆ. ‘ಪ್ರಕಾಶಮಾನ’ ದೀಪಕ್ಕೆ ಹೇಳುವ ಪದ. ಇಲ್ಲಿ ಕೇಳುತ್ತಿರುವುದು ಮಬ್ಬಿಲ್ಲದ ಹೊಳಪು. ‘ಇಂಧನ ತಿಳಿಯಾಗಿ ಹೊಳೆಯಬೇಕು, ಮಬ್ಬು ಇರಬಾರದು’ ಎಂದು ಬರೆದರೆ ಸಾಕು.

ಮಬ್ಬು ಕಂಡರೆ ಏನು ಮಾಡಬೇಕೆಂಬುದನ್ನೂ ಸೇರಿಸಿ. ಜಾರನ್ನು ಅಲುಗಿಸದೆ ಇಟ್ಟು ನೋಡಬೇಕು. ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಗಾಳಿಯ ಗುಳ್ಳೆ. ಮೇಲಿನಿಂದ ಕೆಳಕ್ಕೆ ತಿಳಿಯಾದರೆ ನೀರು. ‘ಬಣ್ಣವಿಲ್ಲದ’ ಎಂದು ಮಾತ್ರ ಬರೆಯಬೇಡಿ. ಜೆಟ್ ವಿಮಾನಗಳಿಗೆ ಹಾಕುವ ಇಂಧನ ಜೆಟ್ ಎ-1 ಕೆಲವೊಮ್ಮೆ ನೀರಿನಂತೆ, ಕೆಲವೊಮ್ಮೆ ತೆಳು ಒಣಹುಲ್ಲಿನ ಬಣ್ಣಕ್ಕೆ ಇರುತ್ತದೆ, ಎರಡೂ ಸರಿಯೇ. ಇನ್ನೊಂದು ಮೋಸವಿದೆ: ಜಾರಿನ ತುಂಬ ಬರೀ ನೀರೇ ಬಂದಿದ್ದರೂ ಅದು ತಿಳಿಯಾಗಿಯೇ ಹೊಳೆಯುತ್ತದೆ. ಕಣ್ಣಿನ ಪರೀಕ್ಷೆಯ ಜೊತೆಗೆ ಸಿರಿಂಜಿನ ತುದಿಗೆ ನೀರು ಪತ್ತೆಹಚ್ಚುವ ಕ್ಯಾಪ್ಸೂಲ್ ಸಿಕ್ಕಿಸಿ 5 ಮಿ.ಲೀ. ಇಂಧನ ಎಳೆಯುವುದು ಅದಕ್ಕೇ. ಕ್ಯಾಪ್ಸೂಲಿನೊಳಗಿನ ಹಳದಿ ಹಾಳೆ ಹಸಿರಿಗೆ ತಿರುಗಿದರೆ ಆ ಇಂಧನ ವಿಮಾನಕ್ಕೆ ಹೋಗಕೂಡದು. ಕೊಂಕಣದ ಮಳೆಗಾಲದ ತೇವದಲ್ಲಿ ಈ ಪರೀಕ್ಷೆಗೆ ಇನ್ನಷ್ಟು ಬೆಲೆ.

ಈಗ ಬಾಂಡಿಂಗ್. ‘ಭೂಸಂಪರ್ಕ’ ಎಂದರೆ ಓದಿದವನು ತಂತಿಯನ್ನು ನೆಲದ ಗೂಟಕ್ಕೆ ಕೊಟ್ಟು ಕೆಲಸ ಮುಗಿಯಿತೆಂದುಕೊಳ್ಳುತ್ತಾನೆ. ಎಲ್ಲರ ಬಾಯಲ್ಲಿರುವ ‘ಅರ್ತಿಂಗ್’ ಕೂಡ ಅದೇ ಗೊಂದಲ ಹುಟ್ಟಿಸುತ್ತದೆ. ಇಂಧನ ಪೈಪಿನಲ್ಲಿ, ಅದರಲ್ಲೂ ಫಿಲ್ಟರಿನೊಳಗೆ, ರಭಸದಿಂದ ಹರಿಯುವಾಗ ಸ್ಥಾಯೀ ವಿದ್ಯುತ್ತು ಹುಟ್ಟುತ್ತದೆ. ವಾಹನಕ್ಕೂ ವಿಮಾನಕ್ಕೂ ನಡುವೆ ವೋಲ್ಟೇಜಿನ ವ್ಯತ್ಯಾಸ ಉಳಿಯಬಾರದು. ಉಳಿದರೆ ಕಿಡಿ ಹಾರೀತು. ಆದ್ದರಿಂದ ತಂತಿ ಕೂಡಿಸಬೇಕಾದ್ದು ಇವೆರಡನ್ನು. ನನ್ನ ಸಲಹೆ ‘ಜೋಡುತಂತಿ’. ಕ್ಲಿಪ್ಪನ್ನು ವಿಮಾನದಲ್ಲಿ ಅದಕ್ಕೆಂದೇ ಗುರುತಿಸಿದ ಜಾಗಕ್ಕೆ ಹಾಕಬೇಕು. ಬಣ್ಣ ಬಳಿದ ಮೈಗೆ ಕಚ್ಚಿಸಿದರೆ ಸಂಪರ್ಕವೇ ಸಿಗದು. ಹೋಸ್ ಹಚ್ಚುವ ಮೊದಲು ಜೋಡುತಂತಿ ಹಾಕಿರಬೇಕು, ಹೋಸ್ ಬಿಡಿಸಿದ ಮೇಲೇ ಅದನ್ನು ತೆಗೆಯಬೇಕು.

ನೀವು ಕೇಳದಿದ್ದರೂ ಒಂದು ಮಾತು: ಕರಡಿನಲ್ಲಿ ‘ವಿಮಾನದ ಪೆಟ್ರೋಲ್’ ಎಂದಿದ್ದರೆ ತೆಗೆಯಿರಿ. ಜೆಟ್ ಇಂಧನ ಸೀಮೆಎಣ್ಣೆಯ ಜಾತಿಯದು, ನಿಮ್ಮ ಓದುಗರ ಮಾತಿನಲ್ಲಿ ಚಿಮಣಿ ಎಣ್ಣೆಯ ನೆಂಟ. ಪೆಟ್ರೋಲಿನ ಜಾತಿಯದು ಏವ್‌ಗ್ಯಾಸ್. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಿಗೆ ಹಾಕುವ 100ಎಲ್‌ಎಲ್ ಎಂಬ ಏವ್‌ಗ್ಯಾಸಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಪಿಸ್ಟನ್ ಎಂಜಿನ್ನಿಗೆ ಜೆಟ್ ಇಂಧನ ಬಿದ್ದರೆ, ಕೊಳವೆಯಲ್ಲಿ ಉಳಿದ ಹಳೆಯ ಇಂಧನದಿಂದ ಎಂಜಿನ್ ಶುರುವಾಗಿ, ರನ್‌ವೇವರೆಗೆ ಹೋಗಿ, ಮೇಲೇರಿದ ಮೇಲೆ ಕೈಕೊಡಬಹುದು. ಏವ್‌ಗ್ಯಾಸಿನ ಗುರುತಿನ ಪಟ್ಟಿ ಕೆಂಪು, ಜೆಟ್ ಇಂಧನದ್ದು ಕಪ್ಪು. ಈ ಬಣ್ಣಗಳನ್ನು ಪತ್ರದಲ್ಲೂ ಹಾಗೇ ಅಚ್ಚುಮಾಡಿಸಿ.

‘ಮೃತಮಾನವ’ದ ಬದಲು ‘ಒತ್ತುಹಿಡಿ’ ಎನ್ನಿ. ಒತ್ತಿ ಹಿಡಿದಿರುವವರೆಗೆ ಇಂಧನ ಹರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹೆಸರೇ ಕೆಲಸ ಹೇಳಿಕೊಡುತ್ತದೆ. ‘ಒತ್ತುಹಿಡಿಗೆ ಹಗ್ಗ ಕಟ್ಟಬಾರದು, ಬೆಣೆ ಕೊಡಬಾರದು’ ಎಂಬ ಸಾಲನ್ನು ಅದರ ಕೆಳಗೇ ದಪ್ಪಕ್ಷರದಲ್ಲಿ ಹಾಕಿ. ಹೋಸ್ ಒಡೆದಾಗ ಹರಿವನ್ನು ಆ ಕ್ಷಣಕ್ಕೆ ತಡೆಯುವುದು, ಹಿಡಿ ಬಿಟ್ಟ ಆ ಕೈಯೇ.