ಸಹಾಯ ಬೇಕು: ಮೇಣದ ಜ್ವಾಲಾಮುಖಿ ಬೀಕರಿನ ಅಂಚಿನಲ್ಲೇ ಉಕ್ಕುತ್ತಿದೆ
ಒಂಬತ್ತನೇ ತರಗತಿಗೆ ಕಡಲಡಿಯ ಜ್ವಾಲಾಮುಖಿಯ ಮಾದರಿ ಇದು. 500 ಮಿ.ಲೀ. ಬೊರೊಸಿಲಿಕೇಟ್ (ಶಾಖ ತಾಳುವ ಗಾಜು) ಬೀಕರಿನ ತಳಕ್ಕೆ ಕರಗಿಸಿ ಹೊಯ್ದ ಕೆಂಪು ಮೇಣ 1 ಸೆಂ.ಮೀ., ಗಟ್ಟಿಯಾದ ಮೇಲೆ ತೊಳೆದ ಮರಳು 1.5 ಸೆಂ.ಮೀ., ಅದರ ಮೇಲೆ ಮುಕ್ಕಾಲು ಬೀಕರಿನಷ್ಟು ಫ್ರಿಜ್ ನೀರು. ನೀರನ್ನು ಚಮಚದ ಬೆನ್ನಿನ ಮೇಲೆ ಸುರಿದರೆ ಮರಳು ಕದಡುವುದಿಲ್ಲ.

ಕೆಳಗಿನಿಂದ ಕಾಯಿಸಿದಾಗ ಮೇಣ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಹಿಗ್ಗಿ, ಮರಳನ್ನು ಸೀಳಿಕೊಂಡು ಬರಬೇಕು. ಆದರೆ ಮೊದಲು ಹೊಯ್ದ ಮೇಣ ಆರುವಾಗಲೇ ಕುಗ್ಗಿ ಗಾಜಿನ ಗೋಡೆ ಬಿಡುತ್ತದೆ; ಆ ಸಂದಿಯೇ ಕೊಳವೆಯಾಗಿ ಎಲ್ಲವೂ ಅಂಚಿನಲ್ಲಿ ನುಗ್ಗುತ್ತದೆ. ಬೀಕರಿನ ಕೆಳಗಿಟ್ಟ ತಂತಿಬಲೆ ಶಾಖವನ್ನು ತಳಕ್ಕೆಲ್ಲ ಹರಡುವುದೂ ಕಾರಣವಿರಬೇಕು. ಸ್ಪಿರಿಟ್ ದೀಪವಂತೂ ನಿಧಾನ: ಮೇಣ ಏಳುವಷ್ಟರಲ್ಲಿ ನೀರೇ ಬೆಚ್ಚಗಾಗಿ, ಮೇಣದ ಎಳೆಗಳು ಗಟ್ಟಿಯಾಗದೆ ಮೇಲೆ ಎಣ್ಣೆಯಂತೆ ತೇಲುತ್ತವೆ.

ನಡುವೆಯೇ ಉಕ್ಕಿಸಲು ಅಲ್ಲಿ ಮರಳು ತೆಳುವಾಗಿಸಬೇಕೇ, ಇಲ್ಲ ಮೇಣವನ್ನೇ ಸಣ್ಣ ಬಿಲ್ಲೆಯಾಗಿ ಇಡಬೇಕೇ? ಮಾಡಿ ನೋಡಿದವರು ಅಳತೆ ಸಮೇತ ತಿಳಿಸಿ.

ಇನ್ನೊಂದು ಪ್ರಶ್ನೆ. ಮೇಣ ತೇಲುತ್ತದೆ, ನಿಜವಾದ ಲಾವಾ ನೀರಿಗಿಂತ ಭಾರ. ಹಾಗಾಗಿ ನೀರಿನಡಿ ಹೆಪ್ಪುಗಟ್ಟಿದ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಕಾಣುವಂಥ ದಿಂಬಿನಾಕಾರದ ಲಾವಾ ಇದರಲ್ಲಿ ಮೂಡುವುದಿಲ್ಲ. ತಣ್ಣೀರಿನ ತಳದಲ್ಲೇ ಹೆಪ್ಪುಗಟ್ಟುವ ಅಗ್ಗದ ವಸ್ತು ಯಾವುದಾದರೂ ಇದೆಯೇ?