ಆಕಾಶಗಂಗೆಯಲ್ಲಿ ನಕ್ಷತ್ರ ಎಷ್ಟು? 10,000 ಕೋಟಿಯೋ, 40,000 ಕೋಟಿಯೋ?

ಹೊಸಮನೆ ಅಪ್ಪ: ಮಗಳಿಗೆ ಶಾಲೆಯಲ್ಲಿ ಭಾಷಣ ಇದೆ, ವಿಷಯ ಆಕಾಶಗಂಗೆ. ಒಂದು ಪುಸ್ತಕದಲ್ಲಿ 10,000 ಕೋಟಿ ನಕ್ಷತ್ರ ಅಂತ ಇದೆ, ಇನ್ನೊಂದರಲ್ಲಿ 40,000 ಕೋಟಿ. ನಾಲ್ಕು ಪಟ್ಟು ವ್ಯತ್ಯಾಸ! ಅವಳು ಯಾವುದನ್ನು ಹೇಳಬೇಕು?

ನೇರಮಾತು: ಯಾವುದನ್ನೂ ಹೇಳುವುದು ಬೇಡ. ಯಾರೂ ಎಣಿಸಿಲ್ಲ. ಯುರೋಪಿನವರು 2013ರಲ್ಲಿ ಗಾಯಾ ದೂರದರ್ಶಕ ಹಾರಿಸಿದರು. 2022ರಲ್ಲಿ ಬಂದ ಅದರ ಪಟ್ಟಿಯಲ್ಲಿ ಇರುವುದು ಸುಮಾರು 180 ಕೋಟಿ. ಲೆಕ್ಕಕ್ಕೆ ಸಿಕ್ಕಿದ್ದು ಅಷ್ಟೇ. ಮಿಕ್ಕಿದ್ದೆಲ್ಲ ಬಾಯಿಮಾತು.

ದುರ್ಬೀನು ಗೆಳೆಯ: 'ಯಾರೂ ಎಣಿಸಿಲ್ಲ' ಅನ್ನುವುದು ತಪ್ಪು. ಎಣಿಸಲು ಹೋಗಿ ಎಡವಿದ್ದಾರೆ. ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಆಕಾಶದ ನೂರಾರು ಕಡೆ ದುರ್ಬೀನು ತಿರುಗಿಸಿ, ಒಂದೊಂದು ಕಡೆ ಎಷ್ಟು ಚುಕ್ಕಿ ಅಂತ ಎಣಿಸಿ 1785ರಲ್ಲಿ ನಕ್ಷೆ ಬರೆದರು. ಅದರಲ್ಲಿ ಸೂರ್ಯ ಹೆಚ್ಚುಕಡಿಮೆ ನಡುವೆ ಇದ್ದಾನೆ! ನಿಜವಾಗಿ ನಾವು ನಡುವಿನಿಂದ ಸುಮಾರು 26,000 ಜ್ಯೋತಿರ್ವರ್ಷ ದೂರ (ಒಂದು ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ). ಧೂಳು ಅಡ್ಡ ಬಂದು ಆಚೆಯದ್ದು ಕಾಣಲೇ ಇಲ್ಲ. ಅದಕ್ಕೇ ಈಗ ತೂಕದಿಂದ ಲೆಕ್ಕ ಹಾಕುತ್ತಾರೆ. ನಕ್ಷತ್ರಗಳ ಒಟ್ಟು ತೂಕ ಸುಮಾರು 6,000 ಕೋಟಿ ಸೂರ್ಯರಷ್ಟು. ಒಂದು ನಕ್ಷತ್ರ ಸರಾಸರಿ ಅರ್ಧ ಸೂರ್ಯನಷ್ಟು ತೂಗಿದರೆ 12,000 ಕೋಟಿ ನಕ್ಷತ್ರ ಆಯಿತು.

ತೋಟದ ಮನೆ: ನಮ್ಮ ಅಡಿಕೆ ಚೇಣಿಯೂ (ಕೊಯ್ಲಿಗೆ ಮೊದಲೇ ಫಸಲನ್ನು ಅಂದಾಜಿನ ಮೇಲೆ ಗುತ್ತಿಗೆ ಕೊಡುವುದು) ಹೀಗೇ ಅಲ್ವಾ? ಚೇಣಿದಾರ ಒಂದೊಂದು ಕಾಯಿ ಎಣಿಸುವುದಿಲ್ಲ. ತೋಟ ಸುತ್ತಿ, ಗೊನೆ ನೋಡಿ, ಇಷ್ಟು ಕ್ವಿಂಟಾಲ್ ಅಂತಾನೆ. ಹೆಚ್ಚುಕಡಿಮೆ ಸರಿಯಾಗೇ ಇರುತ್ತೆ.

ನೇರಮಾತು: 'ಹೆಚ್ಚುಕಡಿಮೆ ಸರಿ'ಯಂತೆ! ನಮ್ಮ ತೋಟಕ್ಕೆ ಬಂದವನು 30 ಕ್ವಿಂಟಾಲ್ ಅಂದ. ಕೊಯ್ದಾಗ 42 ಆಯಿತು. ನಷ್ಟ ಯಾರಿಗೆ? ಅಂದಾಜಿನ ಹಣೆಬರಹವೇ ಇಷ್ಟು.

ತೋಟದ ಮನೆ: ಅದು ಅಂದಾಜಿನ ತಪ್ಪಲ್ಲ ಮಾರಾಯ್ರೇ, ಬೇಕಂತಲೇ ಕಡಿಮೆ ಹೇಳಿದ್ದಾನೆ. ನೀವೂ ಒಂದು ಸಲ ಗೊನೆ ನೋಡಬೇಕಿತ್ತು. ನಮ್ಮಪ್ಪ ಹೇಳಿದ ಲೆಕ್ಕ ಎರಡು ಕ್ವಿಂಟಾಲ್ ಆಚೀಚೆ ಆಗಿದ್ದು ನಾನು ನೋಡಿಲ್ಲ.

ಚನ್ನಗಿರಿ ತೋಟ: ನಮ್ಮ ಕಡೆ ಅದಕ್ಕೆ ಖೇಣಿ ಅಂತಾರೆ.

ತೋಟದ ಮನೆ: ನಿಮ್ಮ ಕಡೆ ಏನಾದರೂ ಅನ್ನಲಿ. ನಮ್ಮಲ್ಲಿ ಚೇಣಿ.

ನೇರಮಾತು: ಎರಡು ಕ್ವಿಂಟಾಲ್ ಆಚೀಚೆ ಆಗಿಲ್ಲವಾ? ಕೊಳೆ ರೋಗ ಬಂದ ವರ್ಷವೂ? ಜುಲೈ ಮಳೆಗೆ ಅರ್ಧ ಕಾಯಿ ಉದುರಿ ಮರದ ಬುಡದಲ್ಲಿ ಬಿದ್ದಿರುತ್ತೆ. ಆಗ ನಿಮ್ಮಪ್ಪನ ಲೆಕ್ಕ ಎಲ್ಲಿ ಹೋಯಿತು?

ತೋಟದ ಮನೆ: ನಮ್ಮಪ್ಪನ ಸುದ್ದಿಗೆ ಬರಬೇಡಿ. ಮದ್ದು ಹೊಡೆಯದೇ ಕೂತವರ ತೋಟದಲ್ಲಿ ಉದುರುತ್ತೆ.

ನೇರಮಾತು: ಮೂರು ಸಲ ಹೊಡೆದಿದ್ದೇನೆ. ನೀವು ಬಂದು ನೋಡಿದ್ದೀರಾ?

ಲೆಕ್ಕದ ಮೇಷ್ಟ್ರು: ಅಡಿಕೆ ಬಿಡಿ. ಇದಕ್ಕಿಂತ ಸುಲಭದ ದಾರಿ ಇದೆ. ಸೂರ್ಯ ಸೆಕೆಂಡಿಗೆ ಸುಮಾರು 230 ಕಿಲೋಮೀಟರ್ ವೇಗದಲ್ಲಿ ನಡುವನ್ನು ಸುತ್ತುತ್ತಾನೆ. ಆ ವೇಗದಲ್ಲಿ ಹಾರಿಹೋಗದಂತೆ ಅವನನ್ನು ಸೆಳೆದು ಹಿಡಿಯಲು ಅವನ ದಾರಿಯ ಒಳಗಡೆ 10,000 ಕೋಟಿ ಸೂರ್ಯರಷ್ಟು ತೂಕ ಇರಲೇಬೇಕು. ಅಂದರೆ 10,000 ಕೋಟಿ ನಕ್ಷತ್ರ. ಮಗಳು ಅದನ್ನೇ ಹೇಳಲಿ.

ದುರ್ಬೀನು ಗೆಳೆಯ: 'ಅಂದರೆ' ಅಂತ ಒಂದೇ ನೆಗೆತಕ್ಕೆ ಹಾರಿಬಿಟ್ಟಿರಿ ಮೇಷ್ಟ್ರೇ. ಆ ತೂಕದಲ್ಲಿ ಅನಿಲ, ಧೂಳು, ಕಣ್ಣಿಗೆ ಕಾಣದ ಕಪ್ಪು ದ್ರವ್ಯ ಎಲ್ಲ ಸೇರಿದೆ. ಸೂರ್ಯನಿಂದ ಆಚೆ ಇರುವ ನಕ್ಷತ್ರಗಳು ಬಿಟ್ಟೇ ಹೋದವು. ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡಿವೆ, ಅಷ್ಟೇ.

ಲೆಕ್ಕದ ಮೇಷ್ಟ್ರು: ಉತ್ತರ ಹತ್ತಿರ ಬಂತಲ್ಲ. ನಿಮ್ಮದು 12,000, ನನ್ನದು 10,000.

ಚನ್ನಗಿರಿ ತೋಟ: ನನಗೊಂದು ಸಂಶಯ. ತೂಕ ಗೊತ್ತಾದ ಮಾತ್ರಕ್ಕೆ ಸಂಖ್ಯೆ ಗೊತ್ತಾಗಲ್ಲ. ಒಂದು ಕ್ವಿಂಟಾಲ್ ಸಣ್ಣ ಅಡಿಕೆ ಅಂದರೆ ಕಾಯಿ ಜಾಸ್ತಿ, ದಪ್ಪ ಅಡಿಕೆ ಅಂದರೆ ಕಡಿಮೆ. ಅರ್ಧ ಸೂರ್ಯ ಅಂತ ಯಾರು ಹೇಳಿದ್ದು?

ದುರ್ಬೀನು ಗೆಳೆಯ: ಜಗಳ ಇರುವುದೇ ಅಲ್ಲಿ! ಸರಾಸರಿ 0.3 ಅಂತ ಹಿಡಿದರೆ 20,000 ಕೋಟಿ. 0.2 ಅಂದರೆ 30,000 ಕೋಟಿ. ಒಟ್ಟು ತೂಕದಲ್ಲೂ ಸ್ವಲ್ಪ ಏರುಪೇರು ಸೇರಿಸಿ. 10,000ಕ್ಕೂ 40,000ಕ್ಕೂ ನಡುವಿನ ಅಂತರ ಬಂದಿದ್ದು ಹೀಗೆ. ನಮ್ಮ ಸುತ್ತ ಹತ್ತಿರದಲ್ಲಿರುವ ನಕ್ಷತ್ರ ನೋಡಿದರೆ ಜಾಸ್ತಿ ಪಾಲು ಕೆಂಪು ಕುಬ್ಜಗಳು, ಅಂದರೆ ಸೂರ್ಯನಿಗಿಂತ ಸಣ್ಣ, ಮಂದ ನಕ್ಷತ್ರಗಳು. ನಿಮ್ಮ ಸಣ್ಣ ಅಡಿಕೆ.

ನೇರಮಾತು: 'ಹತ್ತಿರದಲ್ಲಿ ನೋಡಿದರೆ.' ಹಾಗಾದರೆ ಅಂಗಳ ನೋಡಿ ಊರು ಹೇಳುತ್ತಿದ್ದೀರಿ.

ದುರ್ಬೀನು ಗೆಳೆಯ: ದೂರದ್ದು ಕಾಣದಿದ್ದರೆ ಏನು ಮಾಡುವುದು? ಮೇ ತಿಂಗಳ ರಾತ್ರಿ ನಮ್ಮ ತಾರಸಿಗೆ ಬನ್ನಿ. ದಕ್ಷಿಣದಲ್ಲಿ, ತೆಂಗಿನ ಗರಿಯ ಎತ್ತರದಲ್ಲೇ, ಆಲ್ಫಾ ಸೆಂಟಾರಿ ಹೊಳೆಯುತ್ತಿರುತ್ತದೆ. ಅದರ ಜೊತೆಗಾರ ಪ್ರಾಕ್ಸಿಮಾ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರದ ನಕ್ಷತ್ರ, 4.24 ಜ್ಯೋತಿರ್ವರ್ಷ. ಅದು ಬರಿಗಣ್ಣಿಗೆ ಕಾಣುವುದೇ ಇಲ್ಲ. ಪತ್ತೆಯಾಗಿದ್ದೇ 1915ರಲ್ಲಿ. ತೂಕ ಸೂರ್ಯನ ಎಂಟರಲ್ಲಿ ಒಂದು ಪಾಲು. ಅಂಥದ್ದನ್ನು ಕೆಲವು ಸಾವಿರ ಜ್ಯೋತಿರ್ವರ್ಷ ಆಚೆ ಇಟ್ಟರೆ ನಿಮ್ಮ ಗಾಯಾಕ್ಕೂ ಕಾಣುವುದಿಲ್ಲ. ಆಕಾಶಗಂಗೆಯ ಅಗಲವೋ ಸುಮಾರು 1 ಲಕ್ಷ ಜ್ಯೋತಿರ್ವರ್ಷ. 180 ಕೋಟಿ ಅನ್ನುವುದು ಕಂಡಷ್ಟು ಮಾತ್ರ.

ನೇರಮಾತು: ಕಂಡಷ್ಟನ್ನೇ ನಾನು ನಂಬುವುದು.

ಹೊಸಮನೆ ಅಪ್ಪ: ಮಗಳು ಎಲ್ಲವನ್ನೂ ಓದಿದಳು. '10,000 ಕೋಟಿಯಿಂದ 40,000 ಕೋಟಿ' ಅಂತ ಬರೆದುಕೊಂಡಿದ್ದಾಳೆ. ಸಣ್ಣ ಅಡಿಕೆ, ದಪ್ಪ ಅಡಿಕೆಯ ಮಾತನ್ನೂ ಸೇರಿಸುತ್ತಾಳಂತೆ.

ಲೆಕ್ಕದ ಮೇಷ್ಟ್ರು: 10,000 ಮೊದಲು ಹೇಳಲಿ.

ತೋಟದ ಮನೆ: ಅಡಿಕೆ ವಿಷಯ ಮೊದಲು ತಂದಿದ್ದು ನಾನು. ಮತ್ತೆ ಅವಳು 'ಚೇಣಿ' ಅಂತಲೇ ಹೇಳಲಿ.

ಚನ್ನಗಿರಿ ತೋಟ: ಖೇಣಿ.